ಜಗಲಿಯಿಂದ ಕಂಡ ಮಲೆನಾಡು, ಹಿತ್ತಿಲಿನಿಂದ ಕಂಡ ಮಲೆನಾಡು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಧುನಿಕ ಕನ್ನಡದ ಕವಿಗಳನ್ನೂ ಕಾದಂಬರಿಕಾರರನ್ನೂ ಕುರಿತವು. ಅವುಗಳಲ್ಲಿಯೂ ಶಿವಮೊಗ್ಗ ಸೀಮೆಯ ಓದುಗರು ತಮ್ಮ ನೆಲದ ಬರಹಗಾರರ ಬಗ್ಗೆ ಕೇಳಿದವೇ ಜಾಸ್ತಿ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಉದ್ದವಾದವನ್ನು ಸ್ವಲ್ಪ ಮೊಟಕು ಮಾಡಿ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಕುವೆಂಪು ಅವರ ಕಾದಂಬರಿಗಳ ಆಶಯವೇನು ಎಂಬ ಪ್ರಶ್ನೆ ನಮ್ಮ ಬಿ.ಎ. ಪರೀಕ್ಷೆಗೆ ಬರುತ್ತದೆ. ನೋಟ್ಸಿನಲ್ಲಿ ‘ಪ್ರಕೃತಿ ಪ್ರೇಮ’ ಎಂದಿದೆ. ನಾನು ಬೆಳೆದದ್ದು ಅದೇ ಕಾಡಿನ ಅಂಚಿನಲ್ಲಿ. ನಮ್ಮ ಮನೆಯವರಿಗೆ ಕಾಡೆಂದರೆ ಸೊಪ್ಪು, ಸೌದೆ ಮತ್ತು ಮಂಗಗಳ ಕಾಟ. ಈ ಪ್ರೇಮ ನನಗೆ ಅರ್ಥವಾಗುತ್ತಿಲ್ಲ. (ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ನಿಮಗೆ ಅರ್ಥವಾಗದಿರುವುದು ಒಳ್ಳೆಯ ಲಕ್ಷಣವೇ. ನಿಮ್ಮ ಮನೆಯವರಿಗೆ ಕಾಡೆಂದರೆ ಏನೋ, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಬಹುಪಾಲು ಜನರಿಗೂ ಕಾಡೆಂದರೆ ಅದೇ: ಹೊರೆ, ಹಾದಿ, ಭಯ, ಕೆಲವೊಮ್ಮೆ ಬಚ್ಚಿಟ್ಟುಕೊಳ್ಳಲು ಒಂದು ಜಾಗ. ಕುವೆಂಪು ಅವರ ಕವಿತೆಗಳಲ್ಲಿ ಸೂರ್ಯೋದಯವನ್ನು ನೋಡಿ ಮೈಮರೆಯುವ ಕವಿಯೊಬ್ಬನಿದ್ದಾನೆ, ನಿಜ. ಆದರೆ 1936ರ ‘ಕಾನೂರು ಹೆಗ್ಗಡಿತಿ’ಗೂ 1967ರ ‘ಮಲೆಗಳಲ್ಲಿ ಮದುಮಗಳು’ವಿಗೂ ನಡುವಿನ ಮೂವತ್ತೊಂದು ವರ್ಷಗಳಲ್ಲಿ ಆ ಕವಿ ಎಷ್ಟು ಹಿಂದಕ್ಕೆ ಸರಿದು ನಿಂತಿದ್ದಾನೆಂಬುದನ್ನು ಗಮನಿಸಿ. ಮೊದಲ ಕಾದಂಬರಿಯಲ್ಲಿ ಓದು ಕಲಿತ ಹೂವಯ್ಯ ಬೆಟ್ಟದ ನೆತ್ತಿಯಲ್ಲಿ ನಿಂತು ಕಾಣುವ ಮಲೆನಾಡಿದೆ. ಎರಡನೆಯದರಲ್ಲಿ ಆ ನೋಟ ಕೈಬದಲಾಗಿ, ಸಿಂಬಾವಿ ಹೆಗ್ಗಡೆಯವರ ಜೀತದಾಳಾದ ನಾಯಿಗುತ್ತಿಯ ಕಾಲಿನ ಮಟ್ಟಕ್ಕೆ ಇಳಿದಿದೆ.

ಗುತ್ತಿಯ ನಾಯಿ ಹುಲಿಯನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹೆಸರಿಗೂ ಅಂಟಿಕೊಂಡಷ್ಟು ಅದು ಅವನ ಬೆನ್ನಿಗೆ ಬಿದ್ದ ಪ್ರಾಣಿ. ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಒಡೆಯರ ಕೈಗೆ ಸಿಗದ ಹಾಗೆ ಓಡುತ್ತಾನೆ. ಮಳೆಗಾಲದ ತುಂಗೆ ತುಂಬಿ ಹರಿಯುತ್ತಿದೆ. ಆ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಜೀತದಿಂದ ಬಿಡುಗಡೆ ಹುಡುಕಿ ಹೊರಟ ಮನುಷ್ಯನೊಬ್ಬ ಕಳೆದುಕೊಂಡದ್ದು ತನ್ನದೆಂದು ಹೇಳಿಕೊಳ್ಳಬಹುದಾಗಿದ್ದ ಒಂದೇ ಒಂದು ಜೀವವನ್ನು. ಆ ಪುಟಗಳಲ್ಲಿ ನದಿಯ ವರ್ಣನೆ ಎಷ್ಟು ಬೇಕಾದರೂ ಸಿಗುತ್ತದೆ, ಆದರೆ ಅದನ್ನು ಪ್ರಕೃತಿ ಪ್ರೇಮವೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ ಎಂದು ಕಾದಂಬರಿಯ ಬಾಗಿಲಲ್ಲೇ ಬರೆದುಕೊಂಡ ಲೇಖಕರು ಆ ಮಾತನ್ನು ಒಂದು ನಾಯಿಯ ವಿಷಯದಲ್ಲಿಯೂ ನಡೆಸಿಕೊಟ್ಟಿದ್ದಾರೆ.

ನನ್ನ ಸಲಹೆ ಇಷ್ಟು. ಯಾವ ಕೃತಿಯ ಆಶಯವನ್ನು ಹುಡುಕುವಾಗಲೂ, ಇದನ್ನು ನೋಡುತ್ತಿರುವವರು ಮನೆಯ ಯಾವ ಭಾಗದಲ್ಲಿ ನಿಂತಿದ್ದಾರೆ ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜಗಲಿಗೆ ಕಾಣುವ ಮಳೆ ಬೇರೆ, ಬಚ್ಚಲಿಗೆ ಕಾಣುವ ಮಳೆ ಬೇರೆ, ಕೊಟ್ಟಿಗೆಗೆ ಕಾಣುವ ಮಳೆ ಬೇರೆ, ಗೊರಬು ಹೊದ್ದು ಗದ್ದೆಯಲ್ಲಿ ಬಗ್ಗಿದವಳ ಬೆನ್ನಿಗೆ ಬೀಳುವ ಮಳೆಯಂತೂ ಬೇರೆಯೇ. ಇದನ್ನು ನಿಮ್ಮ ಅನುಭವದಿಂದಲೇ ಬರೆದರೆ ನೋಟ್ಸಿನ ಹಂಗು ನಿಮಗೆ ಬೇಕಾಗುವುದಿಲ್ಲ.

ಪ್ರಶ್ನೆ: ‘ಸಂಸ್ಕಾರ’ ಬಂದ ಕಾಲದಲ್ಲಿ ಅದನ್ನು ಮನೆಯೊಳಗೆ ತರಕೂಡದೆಂದು ನಮ್ಮ ತಂದೆಯವರು ಹೇಳಿದ್ದರು. ಎಪ್ಪತ್ತು ದಾಟಿದ ಮೇಲೆ ಈಗ ಮೊದಲ ಸಲ ಓದಿದೆ. ಅಗ್ರಹಾರಗಳೇ ಕರಗಿಹೋದ ಈ ದಿನ ಅದರಲ್ಲಿ ಏನು ಉಳಿದಿದೆ? (ನಿವೃತ್ತ ಶಿಕ್ಷಕರು, ಹೊಸನಗರ)

ಉತ್ತರ: ತಾವು ಓದಿದ್ದನ್ನು ಕೇಳಿ ಸಂತೋಷವಾಯಿತು. ‘ಸಂಸ್ಕಾರ’ ಬರೆದ ಯು.ಆರ್. ಅನಂತಮೂರ್ತಿಯವರು ಹುಟ್ಟಿದ್ದು 1932ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ಮೊದಲು ಕಲಿತದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಕಾದಂಬರಿಯ ಅಗ್ರಹಾರದ ಹೆಸರೂ ದೂರ್ವಾಸಪುರವೇ. ಅವರು ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಪ್ರಕಟವಾದದ್ದು 1965ರಲ್ಲಿ. ದೂರ ಹೋದ ಮೇಲೆ ಮನೆಯ ಒಳಕೋಣೆ ಹೆಚ್ಚು ನಿಚ್ಚಳವಾಗಿ ಕಂಡಿರಬೇಕು.

ಶಿವಮೊಗ್ಗಕ್ಕೆ ಹೋದ ನಾರಣಪ್ಪ ಜ್ವರ ಹೊತ್ತುಕೊಂಡು ಬಂದು ಸಾಯುತ್ತಾನೆ. ಅವನು ಆಚಾರ ಬಿಟ್ಟವನು, ಆದರೆ ಜಾತಿಯಿಂದ ಹೊರಗೆ ಹಾಕಲ್ಪಟ್ಟವನಲ್ಲ. ಹಾಗಾದರೆ ಹೆಣಕ್ಕೆ ಬೆಂಕಿ ಕೊಡುವವರು ಯಾರು? ಹೆಣ ಒಳಗೆ ಕೊಳೆಯುತ್ತಿರುವಾಗ, ಊಟವಿಲ್ಲದೆ ಕುಳಿತ ಊರು ಧರ್ಮಶಾಸ್ತ್ರದ ಪುಟಗಳನ್ನು ತಿರುವುತ್ತದೆ. ನಾರಣಪ್ಪನ ಜತೆ ಬಾಳುತ್ತಿದ್ದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿಟ್ಟ ಕೂಡಲೇ, ತನ್ನಿಂದಾಗದು ಎನ್ನುತ್ತಿದ್ದವರಿಗೆಲ್ಲ ತನ್ನಿಂದಾದೀತೇ ಎಂಬ ಲೆಕ್ಕ ಶುರುವಾಗುತ್ತದೆ. ಅಗ್ರಹಾರ ಕರಗಿರಬಹುದು, ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆ ಎದುರಾದಾಗ ಮನುಷ್ಯ ಪುಸ್ತಕದ ಹಿಂದೆ ಅವಿತುಕೊಳ್ಳುವ ರೀತಿ ಕರಗಿಲ್ಲ. ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರ ದೊಡ್ಡತನವೆಂದರೆ ಅವರು ಕೊನೆಗೂ ಅವಿತುಕೊಳ್ಳಲಾರದೆ ಹೋಗುವುದು. ಅವರು ಕಾಡಿನ ದಾರಿಯಲ್ಲಿ, ಜಾತ್ರೆಯ ಗದ್ದಲದಲ್ಲಿ ಅಲೆಯುವ ಭಾಗವನ್ನು ಮತ್ತೊಮ್ಮೆ ನಿಧಾನವಾಗಿ ಓದಿ.

ನನ್ನದೊಂದು ತಕರಾರನ್ನೂ ಹೇಳಿಬಿಡುತ್ತೇನೆ. ಇಡೀ ಊರು ಮಾಡಲಾರದ ಕೆಲಸವನ್ನು ಕತ್ತಲಲ್ಲಿ ಒಬ್ಬ ಮುಸಲ್ಮಾನ ವ್ಯಾಪಾರಿಯ ನೆರವಿನಿಂದ ಮಾಡಿ ಮುಗಿಸುವವಳು ಚಂದ್ರಿ. ಆದರೂ ಕಾದಂಬರಿ ಅವಳ ಮನಸ್ಸಿನೊಳಗೆ ಹೆಚ್ಚು ಹೊತ್ತು ಇರುವುದಿಲ್ಲ. ಆಚಾರ್ಯರ ಕಣ್ಣಿಗೆ ಕಂಡಷ್ಟೇ ಚಂದ್ರಿ ನಮಗೂ ಕಾಣುವುದು. ಅದೇ ಲೇಖಕರ ‘ಘಟಶ್ರಾದ್ಧ’ ಕಥೆ ಇದಕ್ಕಿಂತ ಒಂದು ತೂಕ ಹೆಚ್ಚೆಂದು ನನಗೆ ಅನಿಸುವುದು ಈ ಕಾರಣಕ್ಕೆ. ಅಲ್ಲಿ ನೋಡುವವನು ವೇದ ಕಲಿಯಲು ಬಂದ ಚಿಕ್ಕ ಹುಡುಗ. ಬಸಿರಾದ ಎಳೆಯ ವಿಧವೆ ಯಮುನಕ್ಕನಿಗೆ, ಅವಳು ಜೀವಂತವಾಗಿರುವಾಗಲೇ, ಸತ್ತವರಿಗೆ ಮಾಡುವ ಕ್ರಿಯೆಗಳನ್ನು ಮಾಡಿ ಸಂಬಂಧ ಕಡಿದುಕೊಳ್ಳುವುದನ್ನು ಅವನು ಕಣ್ಣಾರೆ ಕಾಣುತ್ತಾನೆ. ತೀರ್ಪು ಕೊಡಲು ಅವನಿಗೆ ವಯಸ್ಸಿಲ್ಲ, ಅಳಲು ಮಾತ್ರ ಬರುತ್ತದೆ. ತಮ್ಮ ಮುಂದಿನ ಓದು ಅದಾಗಲಿ. ಇದಕ್ಕೆ ಸೇರದಿದ್ದರೂ ಒಂದು ವಿಷಯ: 1970ರ ‘ಸಂಸ್ಕಾರ’ ಚಿತ್ರದಲ್ಲಿ ನಾರಣಪ್ಪನಾಗಿ ನಟಿಸಿದವರು ಇದೇ ಜಿಲ್ಲೆಯ ಪಿ. ಲಂಕೇಶ್.

ಪ್ರಶ್ನೆ: ಗೋಪಾಲಕೃಷ್ಣ ಅಡಿಗರು ಕರಾವಳಿಯವರಲ್ಲವೇ? ಸಾಗರದವರು ಅವರನ್ನು ನಮ್ಮವರು ಎನ್ನುವುದೇಕೆ? (ಓದುಗರು, ಸೊರಬ)

ಉತ್ತರ: ಅಡಿಗರು 1918ರಲ್ಲಿ ಹುಟ್ಟಿದ್ದು ಕುಂದಾಪುರದ ಕಡೆಯ ಮೊಗೇರಿಯಲ್ಲಿ. 1960ರ ದಶಕದಲ್ಲಿ ಅವರು ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅವರು ನಡೆಸುತ್ತಿದ್ದ ‘ಸಾಕ್ಷಿ’ ಪತ್ರಿಕೆ ನವ್ಯವೆಂಬ ಹೊಸ ದಾರಿಯಲ್ಲಿ ಬರೆಯುತ್ತಿದ್ದವರಿಗೆಲ್ಲ ಒಂದು ಚಾವಡಿಯ ಹಾಗಿತ್ತು. ಆಗ ಸಾಗರದಲ್ಲಿ ಓದುತ್ತಿದ್ದ ಹುಡುಗರಿಗೆ ಕವಿತೆಯೆಂದರೆ ರಾಗವಾಗಿ ಹಾಡುವುದಷ್ಟೇ ಅಲ್ಲ ಎಂದು ತೋರಿಸಿಕೊಡಲು ಒಬ್ಬ ಕವಿ ಕಣ್ಣೆದುರೇ ಇದ್ದರು. ‘ಭೂತ’ ಕವಿತೆಯಲ್ಲಿ ಮಣ್ಣನ್ನು ಆಳಕ್ಕೆ ಅಗೆದು ಚಿನ್ನದ ಅದಿರನ್ನು ತೆಗೆದು ಸೋಸುವ ಪ್ರತಿಮೆಯಿದೆ. ಹಿಂದಿನದನ್ನು ಹಾಗೆಯೇ ಪೂಜಿಸುವುದೂ ಬೇಡ, ಹಾಗೆಯೇ ಹೂಳುವುದೂ ಬೇಡ ಎಂಬ ಅವರ ನಿಲುವು ಅದರಲ್ಲಿ ಇಡಿಯಾಗಿದೆ. ಅವರಿಂದ ಕಲಿತವರು, ಅವರೊಡನೆ ಜಗಳವಾಡಿದವರು, ಇಬ್ಬರೂ ಸೇರಿ ಅವರನ್ನು ಇಲ್ಲಿಯವರನ್ನಾಗಿ ಮಾಡಿಕೊಂಡರು.

ಪ್ರಶ್ನೆ: ಕಾಗೋಡು ಹೋರಾಟಕ್ಕೂ ಸಾಹಿತ್ಯಕ್ಕೂ ಸಂಬಂಧವಿದೆಯೆಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಸಂಬಂಧವನ್ನು ಬಿಡಿಸಿ ಹೇಳುವಿರಾ? (ಕೃಷಿಕರು, ಸಾಗರ ತಾಲ್ಲೂಕು)

ಉತ್ತರ: ನಮ್ಮ ಅಟ್ಟದ ಮೇಲೆ ಒಂದು ಹಳೆಯ ಕೊಳಗವಿದೆ. ಅದನ್ನು ನೋಡಿದಾಗಲೆಲ್ಲ ಈ ಪ್ರಶ್ನೆ ನನಗೆ ನೆನಪಾಗುತ್ತದೆ, ಏಕೆಂದರೆ 1951ರ ಕಾಗೋಡು ಸತ್ಯಾಗ್ರಹದ ಬೇರು ಇದ್ದದ್ದು ಕೊಳಗದ ಅಳತೆಯಲ್ಲಿ. ಗೇಣಿಯ ಭತ್ತವನ್ನು ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು, ಕಣಜದಲ್ಲಿ ಮಾತ್ರ ಒಕ್ಕಲಿನ ಪಾಲು ಕರಗುತ್ತಿತ್ತು. ಗೇಣಿದಾರರ ಈ ಹೋರಾಟದಲ್ಲಿ ಸಮಾಜವಾದಿಗಳು ಜತೆಗೂಡಿದರು, ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ರೈತರ ನಾಯಕರಾಗಿ ಬೆಳೆದರು.

ಆ ಕಾಲಕ್ಕೆ ಅನಂತಮೂರ್ತಿ ಮತ್ತು ಲಂಕೇಶ್ ಇನ್ನೂ ಮೀಸೆ ಮೂಡುವ ವಯಸ್ಸಿನವರು, ತೇಜಸ್ವಿ ಅವರಿಗಿಂತ ಚಿಕ್ಕವರು. ಮೂವರಿಗೂ ಗೋಪಾಲಗೌಡರ ಮತ್ತು ಲೋಹಿಯಾ ವಿಚಾರಗಳ ಪ್ರಭಾವ ತಟ್ಟಿತು. ಅನಂತಮೂರ್ತಿಯವರ 1978ರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪ ಗೌಡನಲ್ಲಿ ಗೋಪಾಲಗೌಡರ ಬದುಕಿನ ಛಾಯೆಯಿದೆ. ಆದರೆ ವ್ಯಕ್ತಿಯ ಚಿತ್ರಕ್ಕಿಂತ ದೊಡ್ಡ ಸಾಲ ಬೇರೆಯದು: ಅಳತೆಯನ್ನೇ ಅನುಮಾನಿಸಬಹುದು ಎಂಬ ಧೈರ್ಯವನ್ನು ಈ ಬರಹಗಾರರು ಕಾಗೋಡಿನ ಒಕ್ಕಲುಗಳಿಂದ ಕಡ ತಂದರು. ಶಾಸ್ತ್ರದ ಅಳತೆ, ಜಾತಿಯ ಅಳತೆ, ಕೊನೆಗೆ ಕಾವ್ಯದ ಅಳತೆ ಕೂಡ ಆ ಅನುಮಾನಕ್ಕೆ ಒಳಗಾಯಿತು.

ಪ್ರಶ್ನೆ: ನಮ್ಮ ಮಗನಿಗೆ ಹದಿನಾಲ್ಕು ವರ್ಷ. ಮೊಬೈಲು ಬಿಟ್ಟು ಪುಸ್ತಕ ಮುಟ್ಟುವುದಿಲ್ಲ. ತೇಜಸ್ವಿಯವರಿಂದ ಆರಂಭಿಸಿ ಎಂದು ಎಲ್ಲರೂ ಹೇಳುತ್ತಾರೆ. ಅವರ ಬರಹದ ತಿರುಳು ಏನು, ಯಾವುದನ್ನು ಕೊಡಲಿ? (ಗೃಹಿಣಿ, ಶಿವಮೊಗ್ಗ ವಿನೋಬನಗರ)

ಉತ್ತರ: ಎಲ್ಲರೂ ಹೇಳುವುದು ಸರಿಯಾಗಿಯೇ ಇದೆ. ಮೊದಲು ‘ಪರಿಸರದ ಕತೆ’ ಕೊಡಿ, ಅದರ ಬಿಡಿ ಪ್ರಸಂಗಗಳನ್ನು ಎಲ್ಲಿಂದ ಬೇಕಾದರೂ ಓದಬಹುದು. ಅದು ಹಿಡಿಸಿದರೆ 1980ರ ‘ಕರ್ವಾಲೊ’ ಕೊಡಿ.

‘ಕರ್ವಾಲೊ’ ಹಾರುವ ಓತಿಯೊಂದನ್ನು ಹುಡುಕಿ ಕಾಡಿಗೆ ಹೋಗುವವರ ಕತೆ. ಅದರಲ್ಲಿ ನಾನು ಪ್ರತಿ ಸಲವೂ ನಿಂತು ನೋಡುವುದು ಓತಿಯನ್ನಲ್ಲ, ಮಂದಣ್ಣನನ್ನು. ಊರಿನವರ ಕಣ್ಣಿಗೆ ಅವನು ಕೆಲಸವಿಲ್ಲದ ಅಲೆಮಾರಿ ಹುಡುಗ. ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಹುಟ್ಟು ನಿಸರ್ಗ ಶಾಸ್ತ್ರಜ್ಞ. ದೊಡ್ಡ ಓದಿನವರು ಓದದ ಹುಡುಗನೊಬ್ಬನ ಹಿಂದೆ ಶಿಷ್ಯರ ಹಾಗೆ ನಡೆಯುವ ದೃಶ್ಯ ನಮ್ಮ ಕಾದಂಬರಿಗಳಲ್ಲಿ ಅದಕ್ಕೂ ಮೊದಲು ಅಪರೂಪವಾಗಿತ್ತು. ಕೊನೆಯಲ್ಲಿ ಕೈಗೆ ಸಿಕ್ಕಂತಾದ ಓತಿ ಕಣಿವೆಯ ಆಳಕ್ಕೆ ತೇಲಿ ಹೋಗುತ್ತದೆ. ಸಿಕ್ಕದೆ ಹೋದದ್ದರಲ್ಲೂ ಸೋಲಿಲ್ಲ ಎಂಬುದು ಹದಿನಾಲ್ಕರ ಹುಡುಗನಿಗೂ ತಾನಾಗಿಯೇ ತಿಳಿಯುತ್ತದೆ, ವಿವರಿಸಲು ಹೋಗಬೇಡಿ.

ತಾವು ತೇಜಸ್ವಿಯವರ ತಿರುಳನ್ನೂ ಕೇಳಿದ್ದೀರಿ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯದ ದಾರಿ ಸವೆಯಿತೆಂದು ಖಂಡಿತವಾಗಿ ಹೇಳಿ, ಲೋಹಿಯಾ ಚಿಂತನೆ, ಕುವೆಂಪು ಕೃತಿಗಳು ಮತ್ತು ಶಿವರಾಮ ಕಾರಂತರ ಪ್ರಯೋಗಶೀಲ ಬದುಕು ತಮಗೆ ದಿಕ್ಕು ತೋರಿದವೆಂದು ಬರೆದರು. ತಮ್ಮ ತಂದೆ ಕುವೆಂಪು ಅವರನ್ನು ತಂದೆಯೆಂದಲ್ಲದೆ ಲೇಖಕರೆಂದು ಅಲ್ಲಿ ನೆನೆದದ್ದು ನನಗೆ ಬಹಳ ಇಷ್ಟ. ಅದೇ ಸಂಕಲನದ ‘ತಬರನ ಕಥೆ’ಯನ್ನು ತಾವು ಓದಿ, ಮಗನಿಗೆ ಎರಡು ವರ್ಷ ಬಿಟ್ಟು ಕೊಡಿ. ನಿವೃತ್ತನಾದ ಜವಾನನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ತಿರುಗುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಕೊನೆಗೆ ಅವನು ಕಟುಕನ ಹತ್ತಿರ ಹೋಗಿ ಆ ಕಾಲನ್ನು ಕತ್ತರಿಸಿಕೊಡು ಎನ್ನುತ್ತಾನೆ. ತೇಜಸ್ವಿಯೆಂದರೆ ಹಕ್ಕಿ, ಮೀನು, ಸ್ಕೂಟರು ಎಂದಷ್ಟೇ ತಿಳಿದವರು ಈ ಕತೆಯ ಮುಂದೆ ಸುಮ್ಮನಾಗುತ್ತಾರೆ.

ಪ್ರಶ್ನೆ: ಈ ಪಟ್ಟಿಯಲ್ಲಿ ಹೆಂಗಸರೆಲ್ಲಿ? ನಮ್ಮಜ್ಜಿ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕಗಳನ್ನು ಲೈಬ್ರರಿಯಿಂದ ತರಿಸಿ ಓದುತ್ತಿದ್ದರು. ಅವನ್ನು ಮನೆವಾರ್ತೆಯ ಕಾದಂಬರಿಗಳೆಂದು ಬದಿಗಿಡುವುದು ಸರಿಯೇ? (ಸಂಶೋಧನಾ ವಿದ್ಯಾರ್ಥಿನಿ, ಶಂಕರಘಟ್ಟ)

ಉತ್ತರ: ಸರಿಯಲ್ಲ. ಹಾಗೆ ಬದಿಗಿಟ್ಟವರಲ್ಲಿ ನಾನೂ ಒಬ್ಬನಾಗಿದ್ದೆ. ಪಾಠ ಹೇಳಲು ಶುರು ಮಾಡಿದ ಹೊಸತರಲ್ಲಿ, ಕೇಳಿದ ವಿದ್ಯಾರ್ಥಿನಿಯೊಬ್ಬಳಿಗೆ ಇಂದಿರಾ ಅವರ ‘ಫಣಿಯಮ್ಮ’ ಪಠ್ಯಕ್ಕೆ ಒಗ್ಗುವ ಗಂಭೀರ ಕೃತಿಯಲ್ಲ ಎಂದು ಹೇಳಿಬಿಟ್ಟಿದ್ದೆ. ಆಗ ನಾನದನ್ನು ಓದಿರಲಿಲ್ಲ. ಆ ಮಾತಿಗೆ ಇಂದಿಗೂ ನನಗೆ ನಾಚಿಕೆಯಿದೆ.

ಇಂದಿರಾ ಅವರು 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಶಾಲೆ ಬಿಟ್ಟವರು. ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂದಾಗ ಅವರಿಗೆ ನಲವತ್ತಾರು. 1976ರ ‘ಫಣಿಯಮ್ಮ’ ಅವರ ಮನೆತನದ ಹಿರಿಯ ಜೀವವೊಂದರ ನಿಜ ಬದುಕನ್ನು ಆಧರಿಸಿದ್ದು. ಬಾಲ್ಯದಲ್ಲೇ ಮದುವೆ, ಮದುವೆಯೆಂದರೇನೆಂದು ತಿಳಿಯುವ ಮೊದಲೇ ವೈಧವ್ಯ, ದೊಡ್ಡವಳಾದ ಮೇಲೆ ಕೇಶಮುಂಡನ. ಆಮೇಲಿನ ನೂರು ವರ್ಷಕ್ಕೆ ಹತ್ತಿರದ ಬದುಕೆಲ್ಲ ಕೆಲಸ: ಹಪ್ಪಳ, ಸಂಡಿಗೆ, ಬಾಣಂತನ, ಮಡಿ ಅಡುಗೆ, ಊರಿನ ಮದುವೆಮನೆಗಳ ದುಡಿಮೆ.

ಇಲ್ಲಿ ನೋಟ ಹುಟ್ಟುವುದು ಹಿತ್ತಿಲಿನಲ್ಲಿ, ಬಚ್ಚಲ ಒಲೆಯ ಪಕ್ಕದಲ್ಲಿ, ಹೆರಿಗೆಯ ಕೋಣೆಯಲ್ಲಿ. ಫಣಿಯಮ್ಮ ಯಾರನ್ನೂ ಬೈಯುವುದಿಲ್ಲ, ಭಾಷಣ ಮಾಡುವುದಿಲ್ಲ. ಆದರೆ ಕಷ್ಟದ ಹೆರಿಗೆಯೊಂದು ಎದುರಾದಾಗ ಅವರು ಮಡಿ ಮೈಲಿಗೆಯ ಗೆರೆಯನ್ನು ಸದ್ದಿಲ್ಲದೆ ದಾಟುತ್ತಾರೆ. ಮುಂದಿನ ತಲೆಮಾರಿನ ಎಳೆಯ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಾಗ, ತಾನು ಬದುಕಿಡೀ ಪಾಲಿಸಿದ್ದನ್ನು ಅವಳ ಮೇಲೆ ಹೇರುವುದಿಲ್ಲ. ಅವಳ ಪರ ನಿಲ್ಲುತ್ತಾರೆ. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕಿ ಕಾಣದೆ ಹೋದ ಉತ್ತರವನ್ನು ಈ ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೊಟ್ಟಿದ್ದಾರೆ. ತಾವು ಸಂಶೋಧನೆ ಮಾಡುವವರಾದ್ದರಿಂದ ಹೇಳುತ್ತೇನೆ, ‘ಸಂಸ್ಕಾರ’ವನ್ನೂ ‘ಫಣಿಯಮ್ಮ’ವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ಅಧ್ಯಾಯ ಬರೆಯಿರಿ. ಎರಡೂ ಒಂದೇ ತಾಲ್ಲೂಕಿನವರ ಬರಹ, ಒಂದೇ ಆಚಾರದ ಎರಡು ಮಗ್ಗುಲು. ಪ್ರೇಮಾ ಕಾರಂತರು 1983ರಲ್ಲಿ ಮಾಡಿದ ‘ಫಣಿಯಮ್ಮ’ ಚಲನಚಿತ್ರವನ್ನೂ ನೋಡಿ.

ಪ್ರಶ್ನೆ: ನಮ್ಮ ಹಿರಿಯರ ಮನೆ, ತೋಟ ಶರಾವತಿ ಹಿನ್ನೀರಿನಲ್ಲಿ ಹೋದವು. ನಾ. ಡಿಸೋಜ ಅವರ ಕಾದಂಬರಿಗಳನ್ನು ಓದಲು ತೆಗೆದುಕೊಂಡರೆ ಹತ್ತು ಪುಟಕ್ಕಿಂತ ಮುಂದೆ ಹೋಗಲಾಗುವುದಿಲ್ಲ. ನೆನಪು ಮಾಡಿಕೊಂಡು ಫಲವೇನು? (ಓದುಗರು, ತುಮರಿ ಕಡೆಯಿಂದ)

ಉತ್ತರ: ತಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಓದಲಾಗದಿದ್ದರೆ ಓದಬೇಡಿ, ಅದರಲ್ಲಿ ತಪ್ಪೇನೂ ಇಲ್ಲ. ತಮಗೆ ಗೊತ್ತಿರುವುದನ್ನೇ ಅವರು ಬರೆದಿದ್ದಾರೆ. ಅದು ಮುಖ್ಯವಾಗಿ ಬೇಕಾಗಿರುವುದು ಗೊತ್ತಿಲ್ಲದ ನಮ್ಮಂಥವರಿಗೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ರಾಜ್ಯಕ್ಕೆ ಬೆಳಕು ಬಂತು, ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿದವು, ಮುಳುಗಡೆಯಾದವರ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಶಿವಮೊಗ್ಗದ ಕಚೇರಿಗಳಲ್ಲಿ ಓಡಾಡುತ್ತಿದೆ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಡಿಸೋಜ ಅವರು ಇದನ್ನು ಒಳಗಿನಿಂದ ಕಂಡವರು. ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಕಾದಂಬರಿಗಳಲ್ಲಿ ಅವರು ಅಣೆಕಟ್ಟನ್ನು ರಾಕ್ಷಸನೆಂದು ಚಿತ್ರಿಸಲಿಲ್ಲ. ನೀರು ಏರುವುದನ್ನು ಒಂದು ಮನೆಯ ಅಂಗಳದಿಂದ ಅಳೆದರು. ‘ದ್ವೀಪ’ದ ಗಣಪಯ್ಯ ಮತ್ತು ನಾಗವೇಣಿಯರ ಸುತ್ತ ನೀರು ಏರಿದಂತೆಲ್ಲ ಗಂಡ ಹೆಂಡಿರ ನಡುವಿನ ಮಾತೂ ಮುಳುಗುತ್ತಾ ಹೋಗುತ್ತದೆ. ಪರಿಹಾರದ ಪಟ್ಟಿಯಲ್ಲಿ ಮರಗಳಿಗೆ, ಗೋಡೆಗಳಿಗೆ ಬೆಲೆ ಕಟ್ಟುತ್ತಾರೆ. ಇಂಥ ನಷ್ಟಕ್ಕೆ ಅಲ್ಲಿ ಕಲಮೇ ಇಲ್ಲ. ಗಿರೀಶ್ ಕಾಸರವಳ್ಳಿಯವರು ಇದನ್ನು ಚಲನಚಿತ್ರ ಮಾಡಿದ್ದಾರೆ.

2025ರ ಜನವರಿಯಲ್ಲಿ ಡಿಸೋಜ ಅವರು ತೀರಿಕೊಂಡರು. ಅದೇ ವರ್ಷದ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯಿತು. ಲಾಂಚಿಗಾಗಿ ದಡದಲ್ಲಿ ಕಾಯುತ್ತ ಕಳೆದ ತಮ್ಮ ಊರಿನವರ ಆರು ದಶಕಗಳನ್ನು ಬರೆದಿಟ್ಟವರು ಆ ಸೇತುವೆಯ ಮೇಲೆ ನಡೆಯುವುದನ್ನು ನೋಡಬೇಕೆಂಬ ಆಸೆ ನನಗಿತ್ತು.

ಪ್ರಶ್ನೆ: ಲಂಕೇಶರ ‘ಅವ್ವ’ ಪದ್ಯದಲ್ಲಿ ತಾಯಿಯನ್ನು ಕರಡಿಗೆ ಹೋಲಿಸಿದ್ದಾರೆ. ತರಗತಿಯಲ್ಲಿ ಮಕ್ಕಳು ನಗುತ್ತಾರೆ. ಹೇಗೆ ಪಾಠ ಮಾಡಲಿ? (ಕನ್ನಡ ಶಿಕ್ಷಕಿ, ಶಿಕಾರಿಪುರ)

ಉತ್ತರ: ನಗಲಿ. ಆಮೇಲೆ, ಕರಡಿ ತನ್ನ ಮರಿಗಳನ್ನು ಹೇಗೆ ಹೊತ್ತುಕೊಂಡು ತಿರುಗುತ್ತದೆಂದು ಯಾರಿಗಾದರೂ ಗೊತ್ತೇ ಎಂದು ಕೇಳಿ. ಕಾಡಂಚಿನ ಮಕ್ಕಳಲ್ಲಿ ಒಬ್ಬರಾದರೂ ಬೆನ್ನ ಮೇಲೆ ಎನ್ನುತ್ತಾರೆ. ಕೂಸನ್ನು ಬೆನ್ನಿಗೋ ಕಂಕುಳಿಗೋ ಸಿಕ್ಕಿಸಿಕೊಂಡು ಹೊಲಕ್ಕೆ ಹೋಗುವ ತಾಯಿಗೆ ಅದಕ್ಕಿಂತ ನಿಖರವಾದ ಹೋಲಿಕೆ ಸಿಗದು. ಕೊನಗವಳ್ಳಿಯ ಹುಡುಗ ಲಂಕೇಶ್ ತನ್ನ ತಾಯಿಯನ್ನು ಸೀತೆ ಸಾವಿತ್ರಿಯರ ಸಾಲಿಗೆ ಸೇರಿಸಲು ಒಪ್ಪಲಿಲ್ಲ, ಕಪ್ಪು ಮಣ್ಣಿನ ಸಾಲಿಗೆ ಸೇರಿಸಿದ. ಜಗಳವಾಡಿದ್ದು, ಗೊಣಗಿದ್ದು, ಕಾಸಿಗೆ ಕಾಸು ಗಂಟು ಹಾಕಿದ್ದು, ಎಮ್ಮೆ ಪೈರುಗಳಿಗಾಗಿ ಕೊರಗಿದ್ದು ಯಾವುದನ್ನೂ ಮರೆಮಾಚಲಿಲ್ಲ. ಕನ್ನಡದಲ್ಲಿ ತಾಯಿಯನ್ನು ಕುರಿತ ಪದ್ಯಗಳು ನೂರಾರಿವೆ. ಅವುಗಳಲ್ಲಿ ಬಹಳಷ್ಟು ತಾಯಿಯನ್ನು ದೇವರ ಕೋಣೆಗೆ ಕಳಿಸಿ ಬಾಗಿಲು ಹಾಕುತ್ತವೆ. ಇದು ಅವಳನ್ನು ಹೊಲದಲ್ಲಿಯೇ ಉಳಿಸಿಕೊಂಡಿದೆ, ಸಾವನ್ನೂ ಮನೆಯಿಂದ ಹೊಲಕ್ಕೆ ಹೋದಷ್ಟೇ ಸಹಜವೆಂದು ಹೇಳಿದೆ. ಪಾಠ ಮುಗಿದ ಮೇಲೆ ಮಕ್ಕಳಿಗೆ ತಮ್ಮ ಅವ್ವನ ಒಂದು ದಿನದ ಕೆಲಸಗಳನ್ನು ಬರೆದು ತರಲು ಹೇಳಿ, ಪ್ರಬಂಧವಾಗಿ ಅಲ್ಲ, ಬೆಳಗಿನಿಂದ ರಾತ್ರಿಯವರೆಗೆ ಒಂದರ ಕೆಳಗೊಂದು.

ಪ್ರಶ್ನೆ: ಭದ್ರಾವತಿಯೆಂದರೆ ಕಬ್ಬಿಣ ಮತ್ತು ಕಾಗದ ಎಂದಷ್ಟೇ ಹೇಳುತ್ತಾರೆ. ಸಾಹಿತ್ಯದಲ್ಲಿ ನಮ್ಮ ಊರಿಗೆ ಜಾಗವಿಲ್ಲವೇ? (ನಿವೃತ್ತ ಕಾರ್ಮಿಕರು, ಭದ್ರಾವತಿ)

ಉತ್ತರ: ದೊಡ್ಡ ಜಾಗವಿದೆ. ಅಲ್ಲಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ 1970ರ ದಶಕದ ನಡುವೆ ದಲಿತ ಸಂಘರ್ಷ ಸಮಿತಿ ಕಣ್ಣು ತೆರೆದದ್ದು ತಮ್ಮ ಊರಿನಲ್ಲಿ. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದು 1973ರಲ್ಲಿ ಸಚಿವ ಬಸವಲಿಂಗಪ್ಪನವರು ಆಡಿದ ಮಾತಿನಿಂದ ಎದ್ದ ಗಲಭೆಯ ನೋವು ಅದರ ಹಿಂದಿತ್ತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಳ್ಳುವ ಹೊತ್ತಿಗೆ ಕೇರಿಯವರ ಬದುಕನ್ನು ಕೇರಿಯಿಂದಲೇ ಬರೆಯುವ ಲೇಖಕರು ಬಂದಿದ್ದರು. ಗುತ್ತಿಯನ್ನು ಕುವೆಂಪು ಅಪಾರ ಮಮತೆಯಿಂದ ಕಂಡರು, ಆದರೂ ಕಂಡದ್ದು ಹೊರಗಿನಿಂದ. ಗುತ್ತಿಯ ಮೊಮ್ಮಕ್ಕಳು ತಾವೇ ಲೇಖನಿ ಹಿಡಿದದ್ದು ದಲಿತ ಸಾಹಿತ್ಯದಲ್ಲಿ.

ಪ್ರಶ್ನೆ: ಜಿ.ಎಸ್. ಶಿವರುದ್ರಪ್ಪ, ನಿಸಾರ್ ಅಹಮದ್ ಅವರ ಹಾಡುಗಳನ್ನು ಹಾಡಿಕೊಂಡು ಬೆಳೆದೆ. ಹಾಡಾದ ಕವಿತೆಗೆ ಆಳವಿಲ್ಲವೇ? (ಗಾಯಕಿ, ಶಿವಮೊಗ್ಗ)

ಉತ್ತರ: ರಾಗಕ್ಕೆ ಒದಗಿದ್ದು ಕವಿತೆಯ ತಪ್ಪಲ್ಲ. ಶಿಕಾರಿಪುರದಲ್ಲಿ 1926ರಲ್ಲಿ ಹುಟ್ಟಿ, ಗೋವಿಂದ ಪೈ ಮತ್ತು ಕುವೆಂಪು ಅವರ ನಂತರ ರಾಷ್ಟ್ರಕವಿಯಾದ ಶಿವರುದ್ರಪ್ಪನವರು ಇಲ್ಲದ ದೇವರನ್ನು ಎಲ್ಲೆಲ್ಲೋ ಹುಡುಕಿದ ನಮ್ಮ ಕುರುಡನ್ನು ಎಷ್ಟು ಮೆಲುದನಿಯಲ್ಲಿ ಹೇಳಿದರೆಂದರೆ, ಭಕ್ತಿಗೀತೆಯೆಂದು ಹಾಡುವವರೂ ಇದ್ದಾರೆ. ನಿಸಾರರು ಇಲ್ಲಿನ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು. ಜೋಗ, ತುಂಗೆ, ಸಹ್ಯಾದ್ರಿಯ ಲೋಹದ ಅದಿರು ‘ನಿತ್ಯೋತ್ಸವ’ದಲ್ಲಿ ಬಂದದ್ದು ಬರೀ ಅಲಂಕಾರಕ್ಕಲ್ಲ. ಹಾಡುವ ಮೊದಲು ಒಮ್ಮೆ ರಾಗವಿಲ್ಲದೆ ಗಟ್ಟಿಯಾಗಿ ಓದಿ ನೋಡಿ.

ಪ್ರಶ್ನೆ: ಪ್ರೌಢಶಾಲೆಯ ನಲವತ್ತು ಮಕ್ಕಳನ್ನು ಕುವೆಂಪು ಅವರ ಊರಾದ ಕುಪ್ಪಳಿಗೆ ಕರೆದೊಯ್ಯುತ್ತಿದ್ದೇವೆ. ಫೋಟೋ ತೆಗೆಸಿಕೊಳ್ಳುವುದರ ಜತೆಗೆ ಏನು ಮಾಡಿಸಬಹುದು? (ಮುಖ್ಯೋಪಾಧ್ಯಾಯರು, ಚನ್ನಗಿರಿ)

ಉತ್ತರ: ಕವಿಮನೆಯಲ್ಲಿ ಅಟ್ಟ, ಅಡುಗೆಮನೆ, ಬಚ್ಚಲು, ಜಗಲಿ ಎಲ್ಲವನ್ನೂ ತೋರಿಸಿ, ಪ್ರತಿಯೊಂದರಲ್ಲೂ ಯಾರು ಕೂರುತ್ತಿದ್ದರು, ಯಾರು ದುಡಿಯುತ್ತಿದ್ದರು ಎಂದು ಮಕ್ಕಳನ್ನೇ ಕೇಳಿ. ಬಾಗಿಲಿನಿಂದ ಒಳಗೆ ಬರಲು ಆ ಕಾಲದಲ್ಲಿ ಯಾರಿಗೆ ಅವಕಾಶವಿರಲಿಲ್ಲ ಎಂಬುದನ್ನೂ ಹೇಳಿ. ಕವಿಶೈಲದಲ್ಲಿ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಹೆಸರುಗಳನ್ನು 1936ರಲ್ಲಿ ಕೆತ್ತಿದ ಬಂಡೆಯಿದೆ, ಅದನ್ನು ಕೈಯಿಂದ ಮುಟ್ಟಿ ಓದಲಿ. ಅಲ್ಲಿ ಕುಳಿತು ‘ಮಲೆಗಳಲ್ಲಿ ಮದುಮಗಳು’ವಿನ ಮೊದಲ ಅಧ್ಯಾಯದ ನಾಲ್ಕು ಪುಟಗಳನ್ನು ನಾಲ್ವರು ಮಕ್ಕಳಿಂದ ಓದಿಸಿದರೆ ಅರ್ಧ ಗಂಟೆ ಸಾಕು. ಮಳೆಗಾಲದಲ್ಲಿ ಹೋಗುವುದಾದರೆ ಉಂಬಳಗಳಿಗಾಗಿ ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ, ಮಕ್ಕಳ ಕಾಲುಚೀಲಗಳನ್ನು ಬಸ್ಸು ಹತ್ತುವ ಮೊದಲು ಒಮ್ಮೆ ಬಿಚ್ಚಿಸಿ ನೋಡಿ.